ಅಂಕಿ ನಿಂದ್ರುತನಕ

ಕಪನೂರಿನ ದಾಲ್ ಮಿಲ್ಲಿನ ಕಾಟಾ ಖೋಲ್ಯಾಗ
ಇಪ್ಪತ್ತೊಂದು ವರ್ಷ ಕುಂತೀನಿ ನಾನು, ರುಕ್ಮೋದ್ದೀನ.
ಒಂದು ಕಿಟಕಿ, ಒಂದು ಫ್ಯಾನು, ಕೆಂಪಂಕಿ ತೋರಸೋ ಡಬ್ಬಿ.
ಲಾರಿ ಏರಿದ ಕೂಡಲೇ ಅಂಕಿ ಹುಚ್ಚೆದ್ದು ಕುಣೀತದ:
ಹದಿನಾರು ಸಾವಿರ, ಹದಿನೇಳು, ಮತ್ತ ಹದಿನಾರು.
ಎಂಜಿನ್ ಬಂದ್ ಆಗಬೇಕು, ಡ್ರೈವರ್ ಕೆಳಗಿಳೀಬೇಕು,
ಕ್ಲೀನರ್ ಹುಡುಗ ಸೈತ ದೂರ ಸರೀಬೇಕು.
ಆಮ್ಯಾಗ ನಿಂದ್ರತದ.
ನಿಂತ ಮ್ಯಾಲೇ ನನ್ನ ಪೆನ್ನು.

ನಮ್ಮ ಮಾಲಕರು ಜಗದೇವಿ ಅಕ್ಕೋರು ನಿಂದ್ರೋರಲ್ಲ.
ಸ್ಕೂಟಿ ಇನ್ನೂ ಗೇಟಿನಾಗ ಇರ್ತದ,
ಬೈಗುಳ ಗೋದಾಮ ಮುಟ್ಟಿರ್ತದ.
ತಪ್ಪು ತಿಳೀಬ್ಯಾಡ್ರಿ. ಅವರಪ್ಪ ಸತ್ತ ಮೂರನೇ ದಿನ
ಅಡತಿ ಮಂದಿ ಬಂದು, ಅವರೆದುರಿಗೇ ಕುಂತು,
ನನ್ನ ಮಾರಿ ನೋಡಿ ರೇಟ್ ಮಾತಾಡಿದರು.
ಅವತ್ತು ಟೇಬಲ್ ಗುದ್ದಿದ ಕೈ ಅದು.
ಗುದ್ದಿದ್ದಕ್ಕೇ ಮಿಲ್ಲಿನ ಪಟ್ಟಾ ಇವತ್ತಿಗೂ ತಿರಗ್ತದ.
ಮುಷ್ಟಿ ಬಿಚ್ಚೋದು ಮರತದ, ಅಷ್ಟೇ.
ಎಣ್ಣಿ ಹಚ್ಚಿದ ತೊಗರಿ ಒಂದು ರಾತ್ರಿ ಮಲಗಬೇಕು,
ಅವಸರ ಮಾಡಿದ್ರ ಬ್ಯಾಳಿ ಅಲ್ಲ, ನುಚ್ಚು ಅಂತ
ಮಷೀನ್ ಹುಡುಗರಿಗೆ ಕಲಿಸಿದವರೂ ಅವರೇ.

ಪುಷ್ಯದ ಒಂದು ಮುಂಜಾನಿ. ಚಿತ್ತಾಪುರದ ಗುಳ್ಯಾಳ ತೊಗರಿ,
ಚೀಟಿಯೊಳಗ ಎರಡು ನೂರಾ ಹತ್ತು ಚೀಲ,
ಇಳಿಸಿ ಎಣಿಸಿದರ ಎರಡು ನೂರಾ ಆರು.
“ನಾಕು ಚೀಲ ನಿನ್ನ ಮನ್ಯಾಗ ಇಳಿದಾವೇನೋ?”
ಅಂದರು ಹಮಾಲರ ಮುಕಾದಮ ಅಂಬಾರಾಯಗ,
ಇಪ್ಪತ್ತು ಮಂದಿ ಮುಂದ.
ಆ ಇಪ್ಪತ್ತರಾಗ ಅವನ ಮಗನೂ ಇದ್ದ.

ಅಂಬಾರಾಯ ಏನೂ ಅನಲಿಲ್ಲ.
ಹೆಗಲಿನ ಕೊಕ್ಕಿ ತೆಗೆದು ಫರಸಿ ಮ್ಯಾಲ ಇಟ್ಟ.
ಟಣ್.
ಅವನ ಹಿಂದ ಇನ್ನೊಂದು. ಮತ್ತೊಂದು.
ಮಗಂದು ಕಡೀಕ.
ಮಷೀನು ಖಾಲಿ ಹೊಟ್ಟೀಲೆ ತಿರಗಹತ್ತಿತು.

“ಬರಿ ರುಕ್ಮೋದ್ದೀನ, ಎಲ್ಲಾರ ಲೆಕ್ಕ ಚುಕ್ತಾ ಮಾಡು.
ನಾಳಿಗಿ ಬ್ಯಾರೆ ಟೋಳಿ ತರ್ತೀನಿ.”
ಶಾಂತ ಆಗ್ರಿ ಅಂತ ಹಿಂದ ಒಬ್ಬ ಮ್ಯಾನೇಜರ್ ಅಂದಿದ್ದ.
ಅಂವ ಈಗ ಸೇಡಂನಾಗ ಸಿಮೆಂಟ್ ಮಾರ್ತಾನ.
ನಾನು ರಜಿಸ್ಟರ್ ತೆಗೆದೆ, ಪೆನ್ನಿನ ಟೋಪಿ ಬಿಚ್ಚಿದೆ,
ಕೈ ಮ್ಯಾಲೇ ಹಿಡಿದೆ.
“ಯಾಕ?”
“ಅಂಕಿ ನಿಂತಿಲ್ರಿ ಅಕ್ಕೋರೆ.”

ಹೊರಗ ಬಗ್ಗಿ ನೋಡಿದರು. ಕಾಟಾ ಖಾಲಿ.
ಡಬ್ಬಿಯೊಳಗ ಸೊನ್ನಿ, ಸೊನ್ನಿ, ಸೊನ್ನಿ.
ನನ್ನ ನೋಡಿದರು. ನನಗ ನೌಕರಿ ಹೋದಂಗೇ ಅನಿಸ್ತು.
ಬೆಂಚಿನ ಮ್ಯಾಲ ಕುಂತರು.
ಫ್ಯಾನಿನ ಸಪ್ಪಳ ಒಂದೇ.
ನನ್ನ ಅರ್ಧ ಕಪ್ಪು ಚಹಾದ ಮ್ಯಾಲ ಕೆನಿ ಕಟ್ಟಿತು.

ಚೀಟಿ ಮುಂಜಾನಿಯಿಂದ ನನ್ನ ಕಿಸೆದಾಗೇ ಇತ್ತು.
ಕೂಗಾಟದಾಗ ಕೊಟ್ಟಿದ್ದರ ಅದೂ ಒಂದು ಕಲ್ಲು ಆಗ್ತಿತ್ತು,
ಯಾರೋ ಒಬ್ಬರ ತಲಿಗೆ ಹತ್ತತಿತ್ತು.
ಅವರಾಗೇ ಕೇಳಲಿ ಅಂತ ಕಾದೆ.
ಕೇಳಿದರು, ಸಣ್ಣ ದನಿಲೇ:
“ತುಂಬಿದ ಗಾಡಿ ತೂಕ ಎಷ್ಟಿತ್ತು?”

ಖಾಲಿ ತೂಕ ಕಳದರ ಹತ್ತು ಸಾವಿರದ ಮುನ್ನೂರು ಚಿಲ್ಲರ.
ಎರಡು ನೂರಾ ಆರೇ ಬಂದಿದ್ದು ನಮ್ಮ ಗೇಟಿಗೆ.
ಉಳಿದ ನಾಕು ಎಲ್ಲಿ ಹೋದವೋ
ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಬೇವಿನ ಗಿಡದ ಬುಡಕ ಹೋದರು.
ಬೈದಾಗ ಎಷ್ಟು ಜೋರಿತ್ತೋ ಅಷ್ಟೇ ಜೋರಿಲೆ ಅಂದರು,
ಅದೇ ಇಪ್ಪತ್ತು ಮಂದಿ ಕೇಳುವಂಗ:
“ಚೀಟಿ ನೋಡೀನಿ. ಚೀಲ ಅಲ್ಲಿಂದಾನೇ ಕಮ್ಮಿ ಬಂದಾವ.
ನನ್ನ ಮಾತು ತಪ್ಪು.”
ಮಾಫಿ ಅನ್ನೋದು ಬಾಯಿ ತನಕ ಬಂದು ಹೊಳ್ಳಿ ಹೋತು.
ಅಂಬಾರಾಯ ಕೊಕ್ಕಿ ಮುಟ್ಟಲಿಲ್ಲ.
ಬೀಡಿ ಇನ್ನೂ ಅರ್ಧ ಇತ್ತು, ಪೂರಾ ಸೇದಿದ.
ಅಲ್ಲೀತನಕ ಅಕ್ಕೋರು
ಬಿಸಲಾಗ ನಿಂತರು.
ಇಪ್ಪತ್ತೊಂದು ವರ್ಷದಾಗ ಅದೇ ಮೊದಲು ನೋಡಿದ್ದು.

ಬದಲಾದರೇನು ಅಂತ ಕೇಳಬ್ಯಾಡ್ರಿ.
ಮರುದಿನ ಬಂದರು, ಗೋದಾಮದಾಗ ಇಲಿ ಕಡದ ಚೀಲ ಕಂಡಿತು.
ಸ್ಕೂಟಿ ಬಂದ್ ಮಾಡಿದರು.
ಇಳಿದರು.
ಹೆಲ್ಮೆಟ್ ತೆಗೆದು ಕನ್ನಡಿಗೆ ಸಿಗಿಸಿದರು.
ಆಮ್ಯಾಗ ಬೈದರು.